ರಿಪೋರ್ಟಿನಲ್ಲಿ ‘ಡಾಲಿಕೊಎಕ್ಟೇಸಿಯಾ’ ಎಂದಿದೆಯೇ? ಮೆದುಳಿನ ‘ನರ ಊದುವ’ ತೊಂದರೆಯ ನಿಜಸಂಗತಿ

ತಲೆಸುತ್ತು ಎಂದು ಆಸ್ಪತ್ರೆಗೆ ಹೋದವರಿಗೆ ಎಂಆರ್‌ಐ ಮಾಡಿಸುತ್ತಾರೆ. ಸಂಜೆ ರಿಪೋರ್ಟು ಕೈಗೆ ಬರುತ್ತದೆ, ಡಾಕ್ಟರು ಸಿಗುವುದು ನಾಳೆ. ಅಷ್ಟರೊಳಗೆ ರಿಪೋರ್ಟಿನ ಫೋಟೋ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಗಿರುತ್ತದೆ. ಕೊನೆಯ ಸಾಲಿನಲ್ಲಿ ‘ವರ್ಟಿಬ್ರೋಬೇಸಿಲರ್ ಡಾಲಿಕೊಎಕ್ಟೇಸಿಯಾ’ ಎಂಬ, ಓದಲೂ ನಾಲಿಗೆ ಹೊರಳದ ಪದ. ಯಾರೋ ಗೂಗಲ್ ಮಾಡಿ, ‘ಮೆದುಳಿನ ನರ ಊದಿಕೊಂಡು ಸುತ್ತಿಕೊಂಡಿದೆಯಂತೆ’ ಎನ್ನುತ್ತಾರೆ. ಇನ್ನೊಬ್ಬರು ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನು ಸೇರಿಸಿ ಕುದಿಸಿದರೆ ಎಂಥ ಬ್ಲಾಕೂ ಕರಗುತ್ತದೆ ಎಂಬ ಹಳೆಯ ಫಾರ್ವರ್ಡ್ ಹಾಕುತ್ತಾರೆ. ಮತ್ತೊಬ್ಬರ ಸಲಹೆ ಇನ್ನೂ ಸರಳ: ‘ಇವತ್ತಿನಿಂದಲೇ ಆಸ್ಪಿರಿನ್ ಶುರು ಮಾಡಿಬಿಡಿ, ರಕ್ತ ತೆಳುವಾಗುತ್ತೆ.’

ಇವುಗಳಲ್ಲಿ ಮೊದಲ ಮಾತು ಅರ್ಧ ನಿಜ. ಎರಡನೆಯದು ಸುಳ್ಳು. ಮೂರನೆಯದು ಅಪಾಯ. ಯಾಕೆಂದು ತಿಳಿಯಲು ಈ ಕಾಯಿಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದು ಅಪರೂಪದ್ದು. ಆದರೆ ಸ್ಕ್ಯಾನ್ ಮಾಡಿಸುವವರು ಹೆಚ್ಚಿದಂತೆ ಈ ಪದವೂ ಹೆಚ್ಚು ಮನೆಗಳಿಗೆ ಬರುತ್ತಿದೆ.

ಯಾವ ‘ನರ’?

ಕನ್ನಡದ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ‘ಕೈಯಲ್ಲಿ ನರ ಎದ್ದು ಕಾಣುತ್ತೆ’, ‘ಇಂಜೆಕ್ಷನ್‌ಗೆ ನರ ಸಿಗಲಿಲ್ಲ’ ಎನ್ನುವಾಗ ನಾವು ಹೇಳುವುದು ರಕ್ತನಾಳವನ್ನು. ‘ನರದೌರ್ಬಲ್ಯ’, ‘ನರ ಜಗ್ಗುತ್ತೆ’ ಎನ್ನುವಾಗ ಹೇಳುವುದು ಸಂದೇಶ ಸಾಗಿಸುವ ನರವನ್ನು. ಒಂದು ನೀರಿನ ಪೈಪು, ಇನ್ನೊಂದು ಕರೆಂಟಿನ ವೈರು. ಮಾತಿನಲ್ಲಿ ಎರಡೂ ಒಂದೇ ಆಗಿರುವುದರಿಂದ ಮೆದುಳಿನ ಯಾವ ತೊಂದರೆಗೂ ‘ನರ ಬ್ಲಾಕ್’ ಎಂಬ ಹೆಸರು ಅಂಟಿಕೊಳ್ಳುತ್ತದೆ.

ಡಾಲಿಕೊಎಕ್ಟೇಸಿಯಾದಲ್ಲಿ ಕೆಡುವುದು ಪೈಪು, ಅಂದರೆ ಹೃದಯದಿಂದ ಶುದ್ಧ ರಕ್ತ ತರುವ ಅಪಧಮನಿ. ಗ್ರೀಕ್ ಭಾಷೆಯಲ್ಲಿ ‘ಡಾಲಿಕೋಸ್’ ಎಂದರೆ ಉದ್ದ, ‘ಎಕ್ಟಾಸಿಸ್’ ಎಂದರೆ ಹಿಗ್ಗುವುದು. ಅಪಧಮನಿ ಇರಬೇಕಾದ್ದಕ್ಕಿಂತ ಉದ್ದವಾಗಿದೆ, ಅಗಲವಾಗಿದೆ. ತಲೆಬುರುಡೆಯೊಳಗೆ ಜಾಗ ಇಷ್ಟೇ ಎಂದು ಗೊತ್ತುಮಾಡಿದ್ದು. ಉದ್ದವಾದ ಪೈಪು ನೇರವಾಗಿ ಇರಲಾರದು, ಡೊಂಕಾಗುತ್ತದೆ. ಹಾಗಾಗಿ ‘ಸುತ್ತಿಕೊಂಡಿದೆ’ ಎನ್ನುವುದಕ್ಕಿಂತ ‘ಹಿಗ್ಗಿ ಡೊಂಕಾಗಿದೆ’ ಎನ್ನುವುದು ಸರಿ.

ಸ್ವಾರಸ್ಯವೆಂದರೆ, ಹೀಗೆ ಡೊಂಕಾದ ಪೈಪು ಪಕ್ಕದ ವೈರನ್ನು ಒತ್ತಿದಾಗ ಎರಡೂ ಅರ್ಥದ ‘ನರ’ಗಳು ಒಂದೇ ಕಾಯಿಲೆಯಲ್ಲಿ ಸೇರಿಬಿಡುತ್ತವೆ. ಅದಕ್ಕೆ ಆಮೇಲೆ ಬರೋಣ.

ಎರಡು ಸೇರಿ ಒಂದಾಗುವ ಜಾಗ

ದೇಹದ ಅಪಧಮನಿಗಳು ಸಾಮಾನ್ಯವಾಗಿ ಮರದಂತೆ ಕವಲೊಡೆಯುತ್ತ ಹೋಗುತ್ತವೆ. ಕತ್ತಿನ ಹಿಂಭಾಗದಲ್ಲಿ ಮಾತ್ರ ವಿಚಿತ್ರವೊಂದಿದೆ. ಬೆನ್ನುಮೂಳೆಯ ರಂಧ್ರಗಳೊಳಗಿಂದ ಎಡಕ್ಕೊಂದು, ಬಲಕ್ಕೊಂದು ಏರಿಬರುವ ವರ್ಟಿಬ್ರಲ್ ಅಪಧಮನಿಗಳು ತಲೆಬುರುಡೆಯೊಳಗೆ ಬಂದ ಮೇಲೆ ಸೇರಿ ಒಂದಾಗುತ್ತವೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾದ ಹಾಗೆ. ಹಾಗೆ ಸೇರಿದ ಮೇಲೆ ಅದರ ಹೆಸರು ಬೇಸಿಲರ್ ಅಪಧಮನಿ. ಉದ್ದ ಸುಮಾರು 3 ಸೆಂ.ಮೀ., ಅಗಲ 3ರಿಂದ 4 ಮಿ.ಮೀ. ನಮ್ಮ ಕಿರುಬೆರಳಿನ ಅರ್ಧದಷ್ಟು ಉದ್ದದ ಈ ನಾಳ ಮೆದುಳುಕಾಂಡದ ಮುಂದೆ, ಮೂಳೆಗೆ ಆತುಕೊಂಡು, ಬಹುತೇಕ ನಡುಮಧ್ಯದಲ್ಲಿ ಮೇಲಕ್ಕೆ ಹೋಗಿ ಮತ್ತೆ ಎರಡಾಗಿ ಒಡೆಯುತ್ತದೆ.

ಮೆದುಳುಕಾಂಡ ಎಂದರೆ ಉಸಿರಾಟ, ನುಂಗುವುದು, ಕಣ್ಣಿನ ಚಲನೆ, ಎಚ್ಚರ ಇವೆಲ್ಲದರ ಹಿಡಿತ ಇರುವ ಜಾಗ. ಕೈಕಾಲುಗಳಿಗೆ ಹೋಗುವ ಆಜ್ಞೆಗಳೆಲ್ಲ ಅದರ ಮೂಲಕವೇ ಹಾಯಬೇಕು. ಬೇಸಿಲರ್‌ನಿಂದ ಕೂದಲೆಳೆಯಂಥ ಸಣ್ಣ ಸಣ್ಣ ಕವಲುಗಳು ಹೊರಟು ನೇರವಾಗಿ ಮೆದುಳುಕಾಂಡದೊಳಕ್ಕೆ ಇಳಿಯುತ್ತವೆ. ಈ ಎಳೆಗಳನ್ನು ನೆನಪಿಟ್ಟುಕೊಳ್ಳಿ, ಚಿಕಿತ್ಸೆಯ ಪೂರಾ ಕಷ್ಟ ಇರುವುದು ಇವುಗಳಲ್ಲೇ.

ಮೆದುಳಿನ ಯಾವ ಅಪಧಮನಿಗೂ ಈ ತೊಂದರೆ ಬರಬಹುದು. ಆದರೆ ಹೆಚ್ಚಾಗಿ ಕಾಣುವುದು ಈ ಬೇಸಿಲರ್ ಮತ್ತು ವರ್ಟಿಬ್ರಲ್ ಅಪಧಮನಿಗಳಲ್ಲಿ. ರಿಪೋರ್ಟಿನಲ್ಲಿ ಎರಡೂ ಹೆಸರು ಕೂಡಿಸಿ ‘ವರ್ಟಿಬ್ರೋಬೇಸಿಲರ್’ ಎಂದು ಬರೆಯುವುದು ಇದಕ್ಕೇ.

ಬ್ಲಾಕ್ ಅಲ್ಲದ ಕಾಯಿಲೆಗೆ ಬ್ಲಾಕ್ ಕರಗಿಸುವ ಕಷಾಯ

‘ಬ್ಲಾಕ್’ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಕೊಬ್ಬು ಕಟ್ಟಿ ಕಿರಿದಾದ ನಾಳ. ಇಲ್ಲಿ ಆಗಿರುವುದು ಅದಕ್ಕೆ ಉಲ್ಟಾ. ನಾಳ ಕಿರಿದಾಗಿಲ್ಲ, ಹಿಗ್ಗಿದೆ.

ಅಪಧಮನಿಯ ಗೋಡೆ ಮೂರು ಪದರದ್ದು. ಒಳಪದರದ ಹಿಂದೆಯೇ ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗುವ ಒಂದು ತೆಳು ಹಾಳೆಯಿದೆ. ಹೃದಯ ಒಮ್ಮೆ ಬಡಿದಾಗ ನಾಳ ಹಿಗ್ಗುತ್ತದೆ, ಈ ಹಾಳೆ ಅದನ್ನು ಮತ್ತೆ ಮೊದಲಿನ ಅಳತೆಗೆ ಎಳೆದು ತರುತ್ತದೆ. ದೇಹದ ಬೇರೆ ದೊಡ್ಡ ಅಪಧಮನಿಗಳಲ್ಲಿ ಹೊರಗಡೆಗೂ ಇಂಥ ಇನ್ನೊಂದು ಹಾಳೆ ಇರುತ್ತದೆ. ತಲೆಬುರುಡೆಯೊಳಗಿನ ಅಪಧಮನಿಗಳಲ್ಲಿ ಆ ಹೊರಹಾಳೆ ಇಲ್ಲ. ಇರುವ ಒಂದೇ ಹಾಳೆ ಹರಿದು ಚೂರಾದರೆ, ಅದರ ಆಚೆಯ ಸ್ನಾಯುಪದರ ತೆಳುವಾದರೆ, ನಾಳ ವರ್ಷಗಟ್ಟಲೆ ರಕ್ತದ ಒತ್ತಡಕ್ಕೆ ಮಣಿದು ಸಡಿಲವಾಗುತ್ತ ಹೋಗುತ್ತದೆ.

ಇದರಲ್ಲಿ ಒಂದು ವಿಷಚಕ್ರವೂ ಇದೆ. ಸೈಕಲ್ ಟ್ಯೂಬು ಒಂದು ಕಡೆ ಉಬ್ಬಿತೆನ್ನಿ. ಮತ್ತೆ ಗಾಳಿ ಹೊಡೆದರೆ ಅದು ಉಬ್ಬುವುದು ಅದೇ ಜಾಗದಲ್ಲಿ. ಒಳಗಿನ ಒತ್ತಡ ಅಷ್ಟೇ ಇದ್ದರೂ ನಾಳ ಅಗಲವಾದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಇದು ಭೌತಶಾಸ್ತ್ರದ ನಿಯಮ. ಬಿಪಿ ಹೆಚ್ಚಿದ್ದರಂತೂ ಕೇಳುವುದೇ ಬೇಡ.

ವಯಸ್ಸು, ಗಂಡಸಾಗಿರುವುದು, ಅಧಿಕ ರಕ್ತದೊತ್ತಡ: ಈ ಮೂರು ಇದರ ಮುಖ್ಯ ಜೊತೆಗಾರರು. ಇದನ್ನು ಕೊಬ್ಬು ಕಟ್ಟುವ ಕಾಯಿಲೆಯದೇ ಇನ್ನೊಂದು ರೂಪ ಎಂದು ಬಹುಕಾಲ ತಿಳಿದಿದ್ದರು. ಕೊಬ್ಬಿನ ಪದರ ಜೊತೆಗೆ ಇರುವುದುಂಟು. ಆದರೆ ಮೂಲದಲ್ಲಿ ಇದು ಗೋಡೆಯ ಹಾಳೆಯೇ ಸವೆಯುವ ಬೇರೆ ಕಾಯಿಲೆ ಎಂಬುದು ಈಗಿನ ತಿಳಿವಳಿಕೆ. ಹೊಟ್ಟೆಯ ಮಹಾಪಧಮನಿ ಉಬ್ಬಿರುವ ಕೆಲವರಲ್ಲಿ ಮೆದುಳಿನಲ್ಲೂ ಇದು ಕಾಣುವುದು ಅದೇ ಕಾರಣಕ್ಕೆ.

ಹರಿದ ಹಾಳೆಯನ್ನು ಯಾವ ಕಷಾಯವೂ ಹೊಲಿಯುವುದಿಲ್ಲ. ಬೆಳ್ಳುಳ್ಳಿಯನ್ನು ಸಾರಿಗೆ, ಚಟ್ನಿಗೆ ಹಾಕಿ ತಿನ್ನಲು ನಮ್ಮ ಅಡ್ಡಿಯೇನೂ ಇಲ್ಲ. ‘ಕಷಾಯ ಕುಡೀತಿದ್ದೀನಲ್ಲ’ ಎಂದು ಬಿಪಿ ಮಾತ್ರೆ ಬಿಡುವುದು ಮಾತ್ರ ಆ ಫಾರ್ವರ್ಡ್ ಮಾಡುವ ನಿಜವಾದ ಹಾನಿ. ಈ ಕಾಯಿಲೆಯಲ್ಲಿ ನಮ್ಮ ಕೈಗೆ ಸಿಗುವ ದೊಡ್ಡ ಹಿಡಿ ಎಂದರೆ ಅದೇ ಬಿಪಿ.

ಅಗಲವಾದರೆ ರಕ್ತ ಚೆನ್ನಾಗಿ ಹರಿಯಬೇಕಲ್ಲ?

ಹಾಗೆ ತೋರುತ್ತದೆ. ಆದರೆ ಲೆಕ್ಕ ಬೇರೆ. ಪೈಪಿನ ಅಗಲ ಎರಡರಷ್ಟಾದರೆ ಅದರ ಬಾಯಿಯ ವಿಸ್ತಾರ ನಾಲ್ಕರಷ್ಟಾಗುತ್ತದೆ. ಬರುವ ರಕ್ತ ಅಷ್ಟೇ. ಹಾಗಾಗಿ ಹರಿಯುವ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಾಲೆ ಅಗಲವಾದ ಕಡೆ, ತಿರುವಿನ ಒಳಮೂಲೆಯಲ್ಲಿ ಹೂಳು ಕೂರುವುದನ್ನು ನೀರಾವರಿ ಕಂಡವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಹೂಳಿನ ಬದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಅಲ್ಲೇ ಬೆಳೆಯಬಹುದು, ಅಥವಾ ಚೂರು ಒಡೆದು ಮುಂದೆ ಹೋಗಿ ಸಣ್ಣ ನಾಳವನ್ನು ಮುಚ್ಚಬಹುದು. ಜೊತೆಗೆ, ಬೇಸಿಲರ್ ಉದ್ದವಾಗಿ ಪಕ್ಕಕ್ಕೆ ಸರಿದಾಗ ಅದರಿಂದ ಹೊರಟ ಕೂದಲೆಳೆಯಂಥ ಕವಲುಗಳು ಎಳೆದಂತಾಗಿ ಅವುಗಳ ಬಾಯಿ ಕಿರಿದಾಗುತ್ತದೆ. ಲಕ್ಷಣ ತೋರಿಸುವ ಡಾಲಿಕೊಎಕ್ಟೇಸಿಯಾದಲ್ಲಿ ಹೆಚ್ಚಾಗಿ ಕಾಣುವ ಅನಾಹುತ ಇದೇ ಪಾರ್ಶ್ವವಾಯು, ಅಂದರೆ ನಾವು ಲಕ್ವ ಅಥವಾ ಸ್ಟ್ರೋಕ್ ಎನ್ನುವುದು.

ಗೋಡೆ ತೆಳುವಾಗಿರುವುದರಿಂದ ಒಡೆದು ರಕ್ತಸ್ರಾವ ಆಗುವುದೂ ಉಂಟು, ಆದರೆ ಅದು ಕಡಿಮೆ. ರಿಪೋರ್ಟ್ ಓದಿದವರಲ್ಲಿ ಹಲವರು ಇದನ್ನು ಅನ್ಯೂರಿಸಂ ಎಂದು ತಿಳಿದು ‘ಯಾವಾಗ ಬೇಕಾದರೂ ಒಡೆಯಬಹುದು’ ಎಂದು ಹೆದರುತ್ತಾರೆ. ಸಾಮಾನ್ಯವಾಗಿ ಹೇಳುವ ಅನ್ಯೂರಿಸಂ ಕವಲಿನ ಮೂಲೆಯಲ್ಲಿ ಕಾಯಿ ಬಿಟ್ಟಂತೆ ಜೋತುಬಿದ್ದ ಚೀಲ. ಇಲ್ಲಿ ಚೀಲ ಇಲ್ಲ, ನಾಳದ ಉದ್ದಕ್ಕೂ ಸುತ್ತಳತೆಯೇ ಹಿಗ್ಗಿದೆ. ಎರಡರ ಅಪಾಯವೂ ಬೇರೆ, ಚಿಕಿತ್ಸೆಯೂ ಬೇರೆ.

ಕಣ್ಣು ಅದುರುವುದು, ಹಲ್ಲು ಕೀಳಿಸುವುದು

ಈಗ ಪೈಪು ವೈರನ್ನು ಒತ್ತುವ ಕಥೆ. ಮೆದುಳುಕಾಂಡದಿಂದ ಮುಖಕ್ಕೆ, ಕಿವಿಗೆ, ಕಣ್ಣಿಗೆ, ಗಂಟಲಿಗೆ ಹೋಗುವ ನರಗಳು ಹೊರಡುವುದು ಈ ಅಪಧಮನಿಯ ಅಕ್ಕಪಕ್ಕದಲ್ಲೇ. ಪಕ್ಕಕ್ಕೆ ವಾಲಿದ ಅಪಧಮನಿ ಒಂದೊಂದು ಬಡಿತಕ್ಕೂ ನರದ ಬುಡಕ್ಕೆ ತಟ್ಟುತ್ತಿದ್ದರೆ ಆ ನರದ ಹೊದಿಕೆ ಸವೆದು, ಅದು ಬೇಡದ ಸಂದೇಶ ಕಳಿಸತೊಡಗುತ್ತದೆ.

ಮುಖದ ಸ್ಪರ್ಶದ ನರಕ್ಕೆ ತಟ್ಟಿದರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಕೆನ್ನೆ ಅಥವಾ ದವಡೆಯಲ್ಲಿ ಒಂದೇ ಬದಿಗೆ ಕರೆಂಟು ಹೊಡೆದಂಥ ನೋವು, ಕೆಲವೇ ಸೆಕೆಂಡು. ಹಲ್ಲುಜ್ಜಿದರೆ, ಅಗಿದರೆ, ಮುಖಕ್ಕೆ ತಣ್ಣನೆ ಗಾಳಿ ತಾಗಿದರೆ ಮತ್ತೆ ಹೊಡೆಯುತ್ತದೆ. ನೋವು ಹಲ್ಲಿನ ಸಾಲಿನಲ್ಲೇ ಬರುವುದರಿಂದ ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡು, ನೋವು ಮಾತ್ರ ಹಾಗೆಯೇ ಉಳಿದವರಿದ್ದಾರೆ. ಹಲ್ಲಿನ ಎಕ್ಸ್‌ರೇಯಲ್ಲಿ ಏನೂ ಇಲ್ಲ, ನೋವು ಮಾತ್ರ ಮಿಂಚಿನಂತೆ ಬಂದು ಹೋಗುತ್ತಿದೆ ಎಂದಾದರೆ ಮುಂದಿನ ಹಲ್ಲಿಗೆ ಕೈಹಾಕುವ ಮೊದಲು ನರರೋಗ ತಜ್ಞರನ್ನು ಕಾಣುವುದು ಮೇಲು.

ಮುಖದ ಸ್ನಾಯುಗಳ ನರಕ್ಕೆ ತಟ್ಟಿದರೆ ಅರ್ಧ ಮುಖ ತಾನಾಗಿ ಸೆಳೆಯತೊಡಗುತ್ತದೆ. ಶುರುವಾಗುವುದು ಕಣ್ಣಿನ ಸುತ್ತ. ಇಲ್ಲಿ ನಮ್ಮ ಶಕುನ ಬಂದು ಅಡ್ಡ ನಿಲ್ಲುತ್ತದೆ: ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ, ಉಲ್ಟಾ ಆದರೆ ಅಶುಭ. ಎರಡಕ್ಕೂ ಆಧಾರವಿಲ್ಲ. ಹಾಗೆಂದು ಕಣ್ಣು ಅದುರಿದವರೆಲ್ಲ ಸ್ಕ್ಯಾನಿಗೆ ಓಡಬೇಕಾಗಿಯೂ ಇಲ್ಲ. ರೆಪ್ಪೆ ಮಾತ್ರ ಪಟಪಟ ಅದುರಿ ಕೆಲವು ದಿನಕ್ಕೆ ನಿಂತರೆ ಅದು ನಿದ್ದೆಗೇಡು, ಆಯಾಸ, ಹೆಚ್ಚಾದ ಕಾಫಿ ಇವುಗಳ ಕೆಲಸ. ವಾರಗಟ್ಟಲೆ ನಿಲ್ಲದೆ, ಅದೇ ಬದಿಯ ಕೆನ್ನೆಗೆ, ಬಾಯಿಯ ಮೂಲೆಗೆ ಇಳಿದು, ನಿದ್ದೆಯಲ್ಲೂ ಸೆಳೆಯುತ್ತಿದ್ದರೆ ಅದು ಹೆಮಿಫೇಶಿಯಲ್ ಸ್ಪಾಸಂ ಇರಬಹುದು. ಅದಕ್ಕೂ ಹೆಚ್ಚಿನ ಸಲ ಕಾರಣ ಯಾವುದೋ ಸಣ್ಣ ಅಪಧಮನಿಯ ಕುಣಿಕೆ. ಕೆಲವರಲ್ಲಿ ಮಾತ್ರ ಹಿಗ್ಗಿದ ವರ್ಟಿಬ್ರಲ್.

ಇನ್ನು ಕಿವಿಯ ನರಕ್ಕೆ ತಾಗಿದರೆ ಗುಂಯ್‌ಗುಡುವಿಕೆ, ಕೇಳಿಸದಿರುವುದು. ಮೆದುಳುಕಾಂಡವನ್ನೇ ಒತ್ತಿದರೆ ನಡಿಗೆ ತಪ್ಪುವುದು, ನುಂಗಲು ಕಷ್ಟ. ಬೇಸಿಲರ್‌ನ ತುದಿ ತೀರಾ ಮೇಲಕ್ಕೆ ಹೋಗಿ ಮೆದುಳಿನ ನೀರು ಹರಿಯುವ ದಾರಿಗೆ ಒತ್ತಿದರೆ ಒಳಗೆ ನೀರು ತುಂಬಿಕೊಳ್ಳುತ್ತದೆ.

ಪತ್ತೆ ಹೇಗೆ? 4.5 ಮಿ.ಮೀ. ಕಥೆ

ಜೀವಂತ ಮನುಷ್ಯನ ಮೆದುಳಿನ ರಕ್ತನಾಳಗಳನ್ನು ನೋಡಲು ದಾರಿ ಮಾಡಿಕೊಟ್ಟವನು ಪೋರ್ಚುಗಲ್ಲಿನ ಎಗಾಸ್ ಮೋನಿಜ್. 1927ರಲ್ಲಿ ಆತ ಕತ್ತಿನ ಅಪಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಚುಚ್ಚಿ ಚಿತ್ರ ತೆಗೆದ. ಸಿ.ಟಿ. ಸ್ಕ್ಯಾನ್ ಬಂದದ್ದು 1971ರಲ್ಲಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ. ಆಮೇಲೆ ಪ್ರಶ್ನೆ ಹುಟ್ಟಿತು: ಎಷ್ಟು ಅಗಲವಾದರೆ ‘ಹೆಚ್ಚು’? ವಯಸ್ಸಾದವರಲ್ಲಿ ಯಾರ ನಾಳ ತಾನೇ ರೂಲರ್ ಇಟ್ಟು ಎಳೆದಂತೆ ಇರುತ್ತದೆ?

1986ರಲ್ಲಿ ಅಮೆರಿಕದ ವೆಂಡಿ ಸ್ಮೋಕರ್ ಮತ್ತು ಸಂಗಡಿಗರು ಸಿ.ಟಿ. ಚಿತ್ರಗಳನ್ನು ಅಳೆದು ಒಂದು ಮಾನದಂಡ ಕೊಟ್ಟರು. ರಿಪೋರ್ಟಿನಲ್ಲಿ ‘ಸ್ಮೋಕರ್ಸ್ ಕ್ರೈಟೀರಿಯಾ’ ಎಂದು ಕಂಡರೆ ರೋಗಿ ಬೀಡಿ, ಸಿಗರೇಟು ಸೇದುತ್ತಾರೆ ಎಂದಲ್ಲ, ಅದು ಆ ವೈದ್ಯೆಯ ಹೆಸರು. ಅವರು ನೋಡಿದ್ದು ಮೂರು ಸಂಗತಿ. ಮೆದುಳುಕಾಂಡದ ನಡುಮಟ್ಟದಲ್ಲಿ ಬೇಸಿಲರ್ 4.5 ಮಿ.ಮೀ.ಗಿಂತ ಅಗಲವಾಗಿದೆಯೇ? ಅದು ನಡುಗೆರೆ ಬಿಟ್ಟು ಮುಂದಿನ ಮೂಳೆಯ ಅಂಚಿನಿಂದಲೂ ಆಚೆಗೆ ಸರಿದಿದೆಯೇ? ಅದು ಎರಡಾಗಿ ಒಡೆಯುವ ಜಾಗ ಇರಬೇಕಾದ ಎತ್ತರಕ್ಕಿಂತ ಮೇಲಿದೆಯೇ? ಪಕ್ಕಕ್ಕೆ ಸರಿದುದಕ್ಕೆ ಮತ್ತು ಎತ್ತರಕ್ಕೆ 0ರಿಂದ 3ರವರೆಗೆ ಅಂಕ ಕೊಡುತ್ತಾರೆ. ನಾಲ್ಕು ದಶಕ ಕಳೆದರೂ ರೇಡಿಯಾಲಜಿಸ್ಟರು ಬಳಸುವುದು ಹೆಚ್ಚಾಗಿ ಇದನ್ನೇ. ಆಮೇಲೆ ಎಂಆರ್ ಆಂಜಿಯೋಗ್ರಾಂಗೆ ಹೊಂದುವಂತೆ ಬೇರೆ ಅಳತೆಗಳೂ ಬಂದವು: ಬೇಸಿಲರ್‌ನ ಉದ್ದ 29.5 ಮಿ.ಮೀ. ದಾಟಿದರೆ, ಅಥವಾ ನೇರಗೆರೆಯಿಂದ 10 ಮಿ.ಮೀ.ಗಿಂತ ಹೆಚ್ಚು ವಾಲಿದರೆ ಅದು ಅಸಹಜ.

ಇಲ್ಲಿ ನಾವು ಒತ್ತಿ ಹೇಳಬೇಕಾದ್ದು, ಈ ಅಳತೆಗಳು ಹೆಸರಿಡಲು ಮಾಡಿದ ಗೆರೆಗಳು. 4.4 ಸುರಕ್ಷಿತ, 4.6 ಅಪಾಯ ಎಂದು ಅರ್ಥವಲ್ಲ. 70 ವರ್ಷದ ಬಿಪಿ ರೋಗಿಯ 4.7 ಮಿ.ಮೀ. ನಾಳ ಬಹುಕಾಲ ಏನೂ ತೊಂದರೆ ಕೊಡದೆ ಇರಬಹುದು. 30 ವರ್ಷದವರ ಅದೇ ಅಳತೆ ವೈದ್ಯರನ್ನು ಬೇರೆ ಕಾರಣ ಹುಡುಕಲು ಕಳಿಸುತ್ತದೆ.

ಯಾವ ಸ್ಕ್ಯಾನ್ ಏನು ತೋರಿಸುತ್ತದೆ ಎಂಬುದರಲ್ಲೂ ಗೊಂದಲ ಬಹಳ. ತುರ್ತಿನಲ್ಲಿ ಮಾಡುವ ಸಾದಾ ಸಿ.ಟಿ.ಯಲ್ಲಿ ಹಿಗ್ಗಿದ ಬೇಸಿಲರ್ ಬೆಳ್ಳಗೆ, ದಪ್ಪಗೆ ಕಾಣಬಹುದು. ಗೋಡೆಯಲ್ಲಿ ಸುಣ್ಣ ಕಟ್ಟಿದ್ದರಂತೂ ಇನ್ನೂ ಬೆಳ್ಳಗೆ. ಒಳಗೆ ಹೆಪ್ಪು ಕೂತಾಗಲೂ ಹೀಗೆಯೇ ಕಾಣುವುದರಿಂದ ಒಂದನ್ನು ಇನ್ನೊಂದು ಎಂದು ತಿಳಿಯುವ ಸಂಭವವಿದೆ. ಎಂಆರ್‌ಐನಲ್ಲಿ ವೇಗವಾಗಿ ಹರಿಯುವ ರಕ್ತ ಕಪ್ಪಗೆ ಕಾಣುತ್ತದೆ, ನಿಧಾನವಾಗಿ ಹರಿಯುವುದು ಹಾಗೆ ಕಾಣುವುದಿಲ್ಲ. ಅಲ್ಲಿಯೂ ಹೆಪ್ಪೆಂಬ ಅನುಮಾನ ಬರುತ್ತದೆ. ಇಂಜೆಕ್ಷನ್ ಇಲ್ಲದೆ ಮಾಡುವ ಎಂಆರ್ ಆಂಜಿಯೋಗ್ರಾಂ ಹರಿವನ್ನೇ ನಂಬಿರುವುದರಿಂದ, ನಿಧಾನ ಹರಿವಿನ ಕಡೆ ನಾಳದ ಪೂರ್ತಿ ಅಗಲ ತೋರಿಸದಿರಬಹುದು. ಸಿ.ಟಿ. ಆಂಜಿಯೋಗ್ರಾಂನಲ್ಲಿ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ನಾಳದ ಒಳಗಿನ ಆಕಾರ, ಗೋಡೆಯ ಸುಣ್ಣ ಎರಡನ್ನೂ ಸ್ಪಷ್ಟವಾಗಿ ನೋಡಬಹುದು. ಕಿಡ್ನಿ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು. ತೊಡೆ ಅಥವಾ ಮಣಿಕಟ್ಟಿನಿಂದ ತೂರು ನಳಿಕೆ ಹಾಕಿ ಮಾಡುವ ಆಂಜಿಯೋಗ್ರಾಂ, ಇಷ್ಟೆಲ್ಲ ಆದ ಮೇಲೂ ಪ್ರಶ್ನೆ ಉಳಿದರೆ ಅಥವಾ ಒಳಗಿನಿಂದ ಚಿಕಿತ್ಸೆ ಮಾಡುವುದಿದ್ದರೆ ಮಾತ್ರ. ಮುಖದ ನೋವು, ಸೆಳೆತ ಇರುವವರಿಗೆ ನರ ಮತ್ತು ನಾಳ ಎರಡನ್ನೂ ತೆಳು ಪದರಗಳಲ್ಲಿ ತೋರಿಸುವ ವಿಶೇಷ ಎಂಆರ್‌ಐ ಬೇಕು.

ಹಾಗಾಗಿ ರಿಪೋರ್ಟಿನ ಫೋಟೋಗಿಂತ ಸಿ.ಡಿ.ಯಲ್ಲಿರುವ ಚಿತ್ರಗಳು ಮುಖ್ಯ. ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಸ್ಕ್ಯಾನ್ ಇದ್ದರೆ ಅದರ ಸಿ.ಡಿ.ಯನ್ನೂ ಒಯ್ಯಿರಿ. ಐದು ವರ್ಷದ ಹಿಂದೆ ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬುದು ಇವತ್ತಿನ ಒಂದು ಅಳತೆಗಿಂತ ಹೆಚ್ಚು ಹೇಳುತ್ತದೆ. ಬೆಳೆಯುತ್ತಿರುವ ನಾಳದ ಮೇಲೆ ಹೆಚ್ಚು ನಿಗಾ ಬೇಕು.

ಇನ್ನೂ ಒಂದು ಮಾತು. ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ನಿಮ್ಮ ತೊಂದರೆಗೆ ಕಾರಣವಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಒಂದು ನಿಮಿಷ ತಲೆ ಗಿರ್ರೆನ್ನುವುದಕ್ಕೆ ಸಾಮಾನ್ಯ ಕಾರಣ ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪುವುದು. ಅದಕ್ಕೆ ತಲೆಯನ್ನು ಕ್ರಮವಾಗಿ ತಿರುಗಿಸುವ ಸರಳ ಚಿಕಿತ್ಸೆಯಿದೆ. ಡಾಲಿಕೊಎಕ್ಟೇಸಿಯಾ ಎಷ್ಟೋ ಸಲ ಬೇರೆ ಯಾವುದಕ್ಕೋ ಮಾಡಿದ ಸ್ಕ್ಯಾನಿನಲ್ಲಿ ಸಿಕ್ಕ ಸಂಗತಿಯಷ್ಟೇ.

‘ನಗಿ, ಮಾತಾಡಿ, ಕೈ ಎತ್ತಿ’ ಫಾರ್ವರ್ಡ್ ಸಾಲದು

ಸ್ಟ್ರೋಕ್ ಗುರುತಿಸಲು ನಗಲು ಹೇಳಿ, ಮಾತಾಡಿಸಿ, ಎರಡೂ ಕೈ ಎತ್ತಿಸಿ ಎಂಬ ಫಾರ್ವರ್ಡ್ ವರ್ಷಗಳಿಂದ ಓಡಾಡುತ್ತಿದೆ. ಅದು ಸುಳ್ಳಲ್ಲ, ಹಂಚಿಕೊಂಡವರಿಗೆ ಪುಣ್ಯ ಬರಲಿ. ಆದರೆ ಅದು ಮೆದುಳಿನ ಮುಂಭಾಗದ ಸ್ಟ್ರೋಕಿಗೆ ಹೊಂದುವಷ್ಟು ಹಿಂಭಾಗದ್ದಕ್ಕೆ ಹೊಂದುವುದಿಲ್ಲ. ಹೆಪ್ಪಿನಿಂದಾಗುವ ಸ್ಟ್ರೋಕುಗಳಲ್ಲಿ ಸುಮಾರು ಐದರಲ್ಲಿ ಒಂದು ಹಿಂಭಾಗದ್ದು, ಅಂದರೆ ವರ್ಟಿಬ್ರಲ್ ಮತ್ತು ಬೇಸಿಲರ್ ರಕ್ತ ಕೊಡುವ ಜಾಗದ್ದು. ಅಲ್ಲಿ ಸ್ಟ್ರೋಕ್ ಆದವರು ನಕ್ಕಾರು, ಮಾತಾಡಿಯಾರು, ಕೈಯನ್ನೂ ಎತ್ತಿಯಾರು. ಎದ್ದು ನಿಲ್ಲಲು ಮಾತ್ರ ಆಗದಿರಬಹುದು.

ಅದಕ್ಕೇ ಇನ್ನೂ ಎರಡು ಸೇರಿಸಿಕೊಳ್ಳಿ. ಒಂದು, ತೋಲನ: ಇದ್ದಕ್ಕಿದ್ದಂತೆ ವಿಪರೀತ ತಲೆಸುತ್ತು, ಕುಡಿದವರಂತೆ ಒಂದು ಬದಿಗೆ ವಾಲುವುದು, ನಿಲ್ಲಲಾಗದಿರುವುದು. ಇನ್ನೊಂದು, ಕಣ್ಣು: ಒಂದು ವಸ್ತು ಎರಡಾಗಿ ಕಾಣುವುದು, ಅರ್ಧ ದೃಷ್ಟಿ ಹೋಗುವುದು. ಹಠಾತ್ತನೆ ನುಂಗಲಾಗದಿರುವುದು, ಮಾತು ತೊದಲುವುದು, ಹಿಂದೆಂದೂ ಕಾಣದಷ್ಟು ಜೋರಾದ ತಲೆನೋವು ಕೂಡ ಇದೇ ಪಟ್ಟಿಗೆ ಸೇರಿದವು. ಪಿತ್ತ ಏರಿದೆ ಎಂದು ನಿಂಬೆ ಷರಬತ್ತು ಮಾಡಿಕೊಡುವ ಹೊತ್ತಲ್ಲ ಅದು. ನುಂಗುವ ಸ್ನಾಯು ಕೆಲಸ ಮಾಡದಿದ್ದರೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಹೋಗುತ್ತದೆ.

ಹತ್ತೂ ಬೆರಳಿನ ತುದಿಗೆ, ಕಿವಿಯ ಹಾಲೆಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸ್ಟ್ರೋಕ್ ನಿಲ್ಲುತ್ತದೆ ಎಂಬ ಫಾರ್ವರ್ಡ್ ಮಾತ್ರ ಶುದ್ಧ ಸುಳ್ಳು. ಬೆರಳಿನಿಂದ ಎರಡು ಹನಿ ರಕ್ತ ಹೋದರೆ ಬೇಸಿಲರ್‌ನ ಹೆಪ್ಪಿಗೆ ಏನೂ ಆಗುವುದಿಲ್ಲ, ಹೋಗುವುದು ಸಮಯ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಸಿಲರ್ ಪೂರ್ತಿ ಮುಚ್ಚಿದ ಕೆಲವರಿಗೆ ನಳಿಕೆಯಿಂದ ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡುವುದುಂಟು, ಆದರೆ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಕರ್ನಾಟಕದಲ್ಲಿದ್ದರೆ 108ಕ್ಕೆ ಕರೆ ಮಾಡಿ, ಲಕ್ಷಣ ಶುರುವಾದ ಸಮಯ ಬರೆದಿಟ್ಟುಕೊಳ್ಳಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.

ಹಾಗಾದರೆ ಆಸ್ಪಿರಿನ್ ಯಾಕೆ ಬೇಡ?

ಬೇಡ ಎಂದಲ್ಲ, ಸ್ವಂತ ತೀರ್ಮಾನ ಬೇಡ. ಈ ನಾಳದ ವಿಚಿತ್ರ ಇರುವುದೇ ಇಲ್ಲಿ. ಒಳಗೆ ಹರಿವು ನಿಧಾನವಾದ್ದರಿಂದ ಹೆಪ್ಪುಗಟ್ಟುವ ಭಯ. ಗೋಡೆ ತೆಳುವಾದ್ದರಿಂದ ಸೋರುವ ಭಯ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ಹೆಚ್ಚಿಸಬಹುದು. ಈಗಾಗಲೇ ಹೆಪ್ಪಿನ ಸ್ಟ್ರೋಕ್ ಆಗಿದ್ದವರಿಗೆ ಡಾಕ್ಟರು ಆಸ್ಪಿರಿನ್ ಅಥವಾ ಅಂಥದೇ ಮಾತ್ರೆಯನ್ನು ಕೊಡುವುದು ರೂಢಿ. ಏನೂ ಲಕ್ಷಣವಿಲ್ಲದೆ ಸ್ಕ್ಯಾನಿನಲ್ಲಿ ಮಾತ್ರ ಕಂಡವರ ಲೆಕ್ಕ ಬೇರೆ, ನಾಳ ತೀರಾ ಹಿಗ್ಗಿ ಬಿಪಿಯೂ ಹತೋಟಿಯಲ್ಲಿಲ್ಲದವರ ಲೆಕ್ಕ ಇನ್ನೂ ಬೇರೆ. ಯಾವುದು ಮೇಲೆಂದು ಸಾರಿ ಹೇಳುವಂಥ ದೊಡ್ಡ ಪ್ರಯೋಗಗಳು ಈ ಅಪರೂಪದ ಕಾಯಿಲೆಯಲ್ಲಿ ನಡೆದಿಲ್ಲ. ತಜ್ಞರು ಒಬ್ಬೊಬ್ಬ ರೋಗಿಯನ್ನು ನೋಡಿ ತೂಗಿ ಹೇಳುತ್ತಾರೆ. ಡಾಕ್ಟರು ಕೊಟ್ಟ ಆಸ್ಪಿರಿನ್ನನ್ನು ಈ ಲೇಖನ ಓದಿ ನಿಲ್ಲಿಸುವುದೂ ಅಷ್ಟೇ ತಪ್ಪು.

‘ಸ್ಟೆಂಟ್ ಹಾಕಿ ಸರಿಮಾಡಲು ಆಗುವುದಿಲ್ಲವೇ?’ ಎಂಬ ಪ್ರಶ್ನೆ ಸಹಜ. ಆಗಲೇ ಹೇಳಿದ ಕೂದಲೆಳೆ ಕವಲುಗಳನ್ನು ನೆನಪಿಸಿಕೊಳ್ಳಿ. ಬೇಸಿಲರ್ ಒಳಗೆ ಒತ್ತಾದ ಜಾಲರಿ ಕೂರಿಸಿದರೆ ಅವುಗಳ ಬಾಯಿ ಮುಚ್ಚಿಹೋಗಬಹುದು, ಮೆದುಳುಕಾಂಡಕ್ಕೆ ರಕ್ತ ತಪ್ಪಬಹುದು. ಹೃದಯದ ಸ್ಟೆಂಟಿನ ಹಾಗೆ ಇದು ನಿತ್ಯದ ಕೆಲಸವಲ್ಲ. ಬೇರೆ ದಾರಿಯಿಲ್ಲದ ಕೆಲವರಿಗೆ, ಅಪಾಯ ಗೊತ್ತಿದ್ದೇ ಮಾಡುತ್ತಾರೆ.

ನರ ಒತ್ತಿಹೋದವರಿಗೆ ಮಾತ್ರ ಒಳ್ಳೆಯ ಸುದ್ದಿಯಿದೆ. ಮುಖದ ನೋವಿಗೆ ಅಪಧಮನಿಯ ಒತ್ತಡ ಕಾರಣವಿರಬಹುದೆಂದು 1930ರ ದಶಕದಲ್ಲೇ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಹೇಳಿದ್ದ. 1960ರ ದಶಕದಲ್ಲಿ ಪೀಟರ್ ಜನೆಟಾ ಸೂಕ್ಷ್ಮದರ್ಶಕದಡಿ ನರ ಮತ್ತು ನಾಳಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದ. ನಡುವೆ ಟೆಫ್ಲಾನ್ ಮೆತ್ತೆಯ ಚೂರು ಇಡುತ್ತಾರೆ. ಹಿಗ್ಗಿ ಗಟ್ಟಿಯಾದ ಅಪಧಮನಿಯನ್ನು ಸರಿಸುವುದು ಸಣ್ಣ ಕುಣಿಕೆಯನ್ನು ಸರಿಸಿದಷ್ಟು ಸುಲಭವಲ್ಲ. ಕೆಲವೊಮ್ಮೆ ಅದನ್ನು ಪಟ್ಟಿಯಿಂದ ಎಳೆದು ಪಕ್ಕಕ್ಕೆ ಕಟ್ಟಬೇಕಾಗುತ್ತದೆ. ಅದಕ್ಕೂ ಮೊದಲು ನೋವಿಗೆ ಕಾರ್ಬಮಝೆಪೀನ್‌ನಂಥ ಮಾತ್ರೆಗಳು, ಮುಖದ ಸೆಳೆತಕ್ಕೆ ಬೊಟುಲಿನಂ ಇಂಜೆಕ್ಷನ್ ಇವೆ. ಕಾರ್ಬಮಝೆಪೀನ್‌ನಿಂದ ಕೆಲವರಿಗೆ ಚರ್ಮದ ಮೇಲೆ ತೀವ್ರ ಅಲರ್ಜಿ ಆಗುವುದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ತರುವ ಮಾತ್ರೆ ಅದಲ್ಲ. ನೀರು ತುಂಬಿದವರಿಗೆ ಅದನ್ನು ಹೊಟ್ಟೆಗೆ ಹರಿಸುವ ಸಣ್ಣ ಕೊಳವೆ ಹಾಕುತ್ತಾರೆ.

ಉಳಿದವರಿಗೆ ಬಿಪಿ ಹತೋಟಿ, ತಂಬಾಕು ಬಿಡುವುದು, ಡಾಕ್ಟರು ಹೇಳಿದ ಅಂತರದಲ್ಲಿ ಮತ್ತೊಮ್ಮೆ ಸ್ಕ್ಯಾನ್. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಟೀ ಚಮಚಕ್ಕೂ ಕಡಿಮೆ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಸೇರಿ. ಸಲೂನಿನಲ್ಲಿ ಕತ್ತು ಲಟಕ್ಕೆನಿಸುವುದರಿಂದ ನಾಳ ಹೀಗೆ ಡೊಂಕಾಗುವುದಿಲ್ಲ. ಆದರೆ ಕತ್ತಿನ ವರ್ಟಿಬ್ರಲ್ ಅಪಧಮನಿಯ ಒಳಪದರ ಸೀಳುವ, ಬೇರೆಯದೇ ಆದ ಅಪಾಯ ಅದರಿಂದ ಇದೆ. ಬಿಟ್ಟರೆ ಒಳ್ಳೆಯದು.

ಮಕ್ಕಳಿಗೂ ಸ್ಕ್ಯಾನ್ ಮಾಡಿಸಬೇಕೇ?

ವಯಸ್ಸಾದ, ಬಿಪಿ ಇರುವ ತಂದೆಗೋ ತಾಯಿಗೋ ಇದು ಕಂಡರೆ ಮನೆಮಂದಿಗೆಲ್ಲ ಸ್ಕ್ಯಾನ್ ಬೇಕಾಗಿಲ್ಲ. ಚಿಕ್ಕ ವಯಸ್ಸಿನವರಲ್ಲಿ ಕಂಡಾಗ ಮಾತ್ರ ವೈದ್ಯರು ವಂಶವಾಹಿಯ ಕಾಯಿಲೆಗಳ ಕಡೆ ನೋಡುತ್ತಾರೆ. ಕಿಡ್ನಿಯಲ್ಲಿ ನೀರುಗುಳ್ಳೆ ತುಂಬುವ ವಂಶಪಾರಂಪರ್ಯದ ಕಾಯಿಲೆ, ಎತ್ತರದ ಮೈಕಟ್ಟಿನ ಮಾರ್ಫನ್ ಸಿಂಡ್ರೋಮ್ ಇವುಗಳಲ್ಲಿ ಕೆಲವು. ಮುಖ್ಯವಾಗಿ ಹುಡುಕುವುದು ಫ್ಯಾಬ್ರಿ ಕಾಯಿಲೆಯನ್ನು. ದೇಹದ ಒಂದು ಕಿಣ್ವದ ಕೊರತೆಯಿಂದ ಒಂದು ಬಗೆಯ ಕೊಬ್ಬು ನಾಳಗಳ ಗೋಡೆಯಲ್ಲಿ, ಕಿಡ್ನಿಯಲ್ಲಿ, ಹೃದಯದಲ್ಲಿ ಸೇರುತ್ತ ಹೋಗುತ್ತದೆ. ಚಿಕ್ಕಂದಿನಿಂದಲೂ ಅಂಗೈ, ಅಂಗಾಲು ಉರಿ, ಬೆವರು ಬಾರದಿರುವುದು, ಸೊಂಟದ ಸುತ್ತ ಕೆಂಪು ಚುಕ್ಕೆಗಳು ಇದರ ಸುಳಿವು. ಗಂಡಸರಲ್ಲಿ ರಕ್ತ ಪರೀಕ್ಷೆಯಲ್ಲೇ ಕಿಣ್ವ ಅಳೆದು ಗೊತ್ತುಮಾಡಬಹುದು. ಹೆಂಗಸರಲ್ಲಿ ಕಿಣ್ವ ಸರಿಯಾಗಿಯೇ ತೋರಬಹುದಾದ್ದರಿಂದ ವಂಶವಾಹಿ ಪರೀಕ್ಷೆ ಬೇಕಾಗುತ್ತದೆ. ಇದರ ದೋಷ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಕಾಯಿಲೆಯಿರುವ ತಂದೆಯಿಂದ ಅದು ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಗಂಡುಮಕ್ಕಳಿಗೆ ಹೋಗುವುದಿಲ್ಲ. ತಾಯಿಯಿಂದಾದರೆ ಮಗನಿರಲಿ, ಮಗಳಿರಲಿ, ಪ್ರತಿ ಮಗುವಿಗೂ ಸಾಧ್ಯತೆ ಅರ್ಧಕ್ಕರ್ಧ. ಕೊರತೆಯ ಕಿಣ್ವವನ್ನು ಇಂಜೆಕ್ಷನ್ ಮೂಲಕ ಕೊಡುವ ಚಿಕಿತ್ಸೆ ಇದಕ್ಕಿದೆ.